ವಿದೇಶಕ್ಕೆ ಹೊರಟವರು ಮೊದಲು ಕೇಳಬೇಕಾದ ಪ್ರಶ್ನೆ: ಅಂಚೆ ಡಬ್ಬಿಯ ಮೇಲೆ ನನ್ನ ಹೆಸರು ಇರುತ್ತದೆಯೇ?

ಕುಂಜಿಬೆಟ್ಟಿನ ಹುಡುಗಿ

ಆಟಿಯ ಮಳೆ ಬಿಡದೆ ಸುರಿಯುತ್ತಿದೆ. ಒಂದು ತಿಂಗಳ ರಜೆಗೆ ಉಡುಪಿಗೆ ಬಂದಿದ್ದೇನೆ. ಬಂದ ದಿನದಿಂದ ಮನೆಗೆ ಬಂದವರೆಲ್ಲ ಒಂದೇ ಮಾತು ಕೇಳುತ್ತಿದ್ದಾರೆ: "ನಮ್ಮ ಹುಡುಗನೂ ಸೆಪ್ಟೆಂಬರಿನಲ್ಲಿ ಜರ್ಮನಿಗೆ ಹೊರಟಿದ್ದಾನೆ, ಏನೇನು ಕೊಟ್ಟು ಕಳಿಸಬೇಕು?" ಕುಕ್ಕರ್, ಸಾರಿನ ಪುಡಿ, ಉಪ್ಪಿನಕಾಯಿ, ಉಣ್ಣೆಯ ಅಂಗಿ, ಎಲ್ಲದರ ಪಟ್ಟಿ ಅವರ ಬಳಿ ಆಗಲೇ ಇದೆ. ಅಲ್ಲಿ ಎಲ್ಲಿ ಉಳಿಯುತ್ತಾನೆ ಎಂದು ಕೇಳಿದರೆ "ಅದು ಹೋದ ಮೇಲೆ ನೋಡಿದರಾಯಿತು" ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತದೆ. ಕಳೆದ ವರ್ಷ ನಾವೂ ಹಾಗೆಯೇ ಅಂದುಕೊಂಡಿದ್ದೆವು. ಅದಕ್ಕೇ ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾನು ಓದುತ್ತಿರುವುದು ಜರ್ಮನಿಯ ದಕ್ಷಿಣದಲ್ಲಿ, ನೆಕ್ಕರ್ ನದಿಯ ದಂಡೆಯಲ್ಲಿರುವ ಟ್ಯೂಬಿಂಗೆನ್‌ನಲ್ಲಿ. ವಿಶ್ವವಿದ್ಯಾಲಯ 1477ರಲ್ಲಿ ಆರಂಭವಾದದ್ದು. ಊರು ಚಿಕ್ಕದು, ವಿದ್ಯಾರ್ಥಿಗಳು ಬಹಳ. ಹಾಗಾಗಿ ಅಕ್ಟೋಬರ್ ಬಂತೆಂದರೆ ಖಾಲಿ ಕೋಣೆ ಎಂಬುದು ಅಲ್ಲಿ ಬಂಗಾರದ ಬೆಲೆಯದು.

ಹೊರಡುವ ಮುಂಚೆ ಅಪ್ಪ ಲೆಕ್ಕವನ್ನು ಅಚ್ಚುಕಟ್ಟಾಗಿಯೇ ಮಾಡಿದ್ದರು. ವೀಸಾಕ್ಕಾಗಿ ತಡೆಹಿಡಿದ ಖಾತೆಯಲ್ಲಿ 11,904 ಯೂರೋ ಇಡಬೇಕು. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ನಾನಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳು ಪ್ರತಿ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕವನ್ನೂ ಕಟ್ಟಬೇಕು. ಜರ್ಮನಿಯಲ್ಲಿ ಓದು ಪುಕ್ಕಟೆ ಎಂದು ನಂಬಿ ಹೊರಡುವವರು ಇದನ್ನು ಗಮನಿಸಿ. ಇವೆಲ್ಲ ನಮ್ಮ ಲೆಕ್ಕದಲ್ಲಿ ಇದ್ದವು. ಲೆಕ್ಕಕ್ಕೆ ಬಾರದೆ ಹೋದದ್ದು ಒಂದೇ ಒಂದು ಕಾಗದ.

ಸರಕಾರಿ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕಿದ್ದೆ, ಕಾಯುವವರ ಪಟ್ಟಿಯಲ್ಲಿ ನನ್ನ ಹೆಸರು ಎಲ್ಲೋ ಕೆಳಗಿತ್ತು. ಅಷ್ಟರಲ್ಲಿ ಒಬ್ಬ ವಿದ್ಯಾರ್ಥಿ ಬೇರೆ ಊರಿಗೆ ತರಬೇತಿಗೆ ಹೋಗುತ್ತಿದ್ದಾನೆ, ಆರು ತಿಂಗಳಿಗೆ ತನ್ನ ಕೋಣೆಯನ್ನು ಒಳಬಾಡಿಗೆಗೆ ಕೊಡುತ್ತಾನೆ ಎಂದು ತಿಳಿಯಿತು. ತಿಂಗಳಿಗೆ 480 ಯೂರೋ. ವಿಡಿಯೋ ಕರೆಯಲ್ಲಿ ಕೋಣೆ ತೋರಿಸಿದ. ಒಳ್ಳೆಯ ಹುಡುಗನಂತೆಯೇ ಕಂಡ. ನಾವು ಒಪ್ಪಿದೆವು.

ಬೆಂಗಳೂರಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಸ್ಟುಟ್‌ಗಾರ್ಟ್, ಮತ್ತೆ ಒಂದು ಗಂಟೆ ರೈಲು. ಎರಡು ಪೆಟ್ಟಿಗೆ ಎಳೆದುಕೊಂಡು ಸಂಜೆ ತಲುಪಿದೆ. ಬೀಗದ ಕೈ ಕೊಡುವಾಗ ಅವನು ಮೆಲ್ಲಗೆ ಹೇಳಿದ: "ಕೆಳಗೆ ಅಂಚೆ ಡಬ್ಬಿಯ ಮೇಲೆ ನಿನ್ನ ಹೆಸರು ಅಂಟಿಸಬೇಡ." ಯಾಕೆ ಎಂದು ಕೇಳಬೇಕೆಂದೂ ನನಗೆ ಹೊಳೆಯಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ನಮ್ಮ ಊರಿನಲ್ಲಿ ಅಂಚೆಯಣ್ಣನಿಗೆ ಮನೆತನ ಗೊತ್ತು, "ಇಂಥವರ ಮನೆಯ ಹತ್ತಿರ" ಎಂದು ಬರೆದರೂ ಕಾಗದ ಬಂದು ಮುಟ್ಟುತ್ತದೆ. ಜರ್ಮನಿಯ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಮನೆಗಳಿಗೆ ಸಂಖ್ಯೆಯೇ ಇರುವುದಿಲ್ಲ. ರಸ್ತೆಯ ಹೆಸರು, ಕಟ್ಟಡದ ಸಂಖ್ಯೆ, ಅಷ್ಟೇ. ಒಳಗೆ ಸಾಲಾಗಿ ಜೋಡಿಸಿದ ಅಂಚೆ ಡಬ್ಬಿಗಳ ಮೇಲೆ ಯಾರ ಹೆಸರಿದೆಯೋ ಅವರಿಗೆ ಮಾತ್ರ ಪತ್ರ. ಹೆಸರಿಲ್ಲದಿದ್ದರೆ ಪತ್ರ ಬಂದ ದಾರಿಯಲ್ಲಿಯೇ ಹಿಂತಿರುಗುತ್ತದೆ. ಆ ದೇಶದಲ್ಲಿ ಮುಖ್ಯವಾದದ್ದೆಲ್ಲ ಇನ್ನೂ ಪತ್ರದಲ್ಲಿಯೇ ಬರುತ್ತದೆ: ಬ್ಯಾಂಕ್ ಕಾರ್ಡಿನ ಗುಪ್ತ ಸಂಖ್ಯೆ, ಆರೋಗ್ಯ ವಿಮೆಯ ಕಾರ್ಡ್, ತೆರಿಗೆ ಸಂಖ್ಯೆ. ವಿಮೆಗೆ ನಾನು ತಿಂಗಳಿಗೆ ಸುಮಾರು 140 ಯೂರೋ ಕಟ್ಟುತ್ತಿದ್ದೆ, ಕಾರ್ಡು ಮಾತ್ರ ಎರಡು ಸಲ ಬಾಗಿಲವರೆಗೆ ಬಂದು ವಾಪಸು ಹೋಗಿತ್ತು. ಅದು ನನಗೆ ತಿಳಿದದ್ದು ಜ್ವರ ಬಂದು ವೈದ್ಯರ ಬಳಿ ಹೋದ ದಿನ.

ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು. ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದನ್ನು ಆನ್‌ಮೆಲ್ಡುಂಗ್ ಎನ್ನುತ್ತಾರೆ. ಅದಕ್ಕೆ "ಇವರು ನನ್ನ ಮನೆಯಲ್ಲಿ ವಾಸಕ್ಕೆ ಬಂದಿದ್ದಾರೆ" ಎಂದು ಮನೆ ಕೊಟ್ಟವರು ಸಹಿ ಹಾಕಿದ ದೃಢೀಕರಣ ಬೇಕು. ಆ ಹುಡುಗ ಸಹಿ ಹಾಕಲು ಒಪ್ಪಲಿಲ್ಲ. ಒಳಬಾಡಿಗೆಗೆ ಅವನು ಮಾಲೀಕರ ಅನುಮತಿಯನ್ನೇ ಪಡೆದಿರಲಿಲ್ಲ. ಸಹಿ ಹಾಕಿದರೆ ತನ್ನ ಮನೆ ಹೋಗುತ್ತದೆ ಎಂಬ ಭಯ. ಆ ಕಾಗದವಿಲ್ಲದೆ ನೋಂದಣಿ ಇಲ್ಲ. ನೋಂದಣಿ ಇಲ್ಲದೆ ನಾನು ಹೋದ ಬ್ಯಾಂಕು ಖಾತೆ ತೆರೆಯಲಿಲ್ಲ. ಖಾತೆ ಇಲ್ಲದೆ ತಡೆಹಿಡಿದ ಹಣ ಕೈಗೆ ಬರಲಿಲ್ಲ. ನಮ್ಮದೇ 11,904 ಯೂರೋ ಅಲ್ಲಿತ್ತು, ನಾನು ಅಂಗಡಿಯಲ್ಲಿ ಬ್ರೆಡ್ಡಿನ ಬೆಲೆ ನೋಡಿ ಕೆಳಗಿಡುತ್ತಿದ್ದೆ.

ಐದನೇ ವಾರ ಮಾಲೀಕರಿಗೆ ವಿಷಯ ತಿಳಿಯಿತು. ನಾಲ್ಕು ದಿನದಲ್ಲಿ ಕೋಣೆ ಬಿಡಬೇಕಾಯಿತು. ನವೆಂಬರ್ ಮೊದಲ ವಾರ ಅದು. ಅಮ್ಮ ಫೋನಿನಲ್ಲಿ "ಊಟ ಆಯಿತಾ" ಎಂದು ಕೇಳುವಾಗ ನಾನು ಯುವ ವಸತಿಗೃಹದ ಮೆಟ್ಟಿಲ ಮೇಲೆ ಪೆಟ್ಟಿಗೆಗಳ ನಡುವೆ ಕುಳಿತಿದ್ದೆ, "ಆಯಿತು" ಎಂದೆ. ಆ ಒಂದು ಸುಳ್ಳು ಈಗಲೂ ನನ್ನನ್ನು ಚುಚ್ಚುತ್ತದೆ. ಮುಂದಿನದನ್ನು ಆಮೇಲೆ ಬರೆಯುತ್ತೇನೆ, ಕರೆಂಟು ಹೋಗಿದೆ.

ಸುರತ್ಕಲ್ ಅಮ್ಮ

ಮಗಳೇ, ಓದುತ್ತಾ ಕಣ್ಣು ತುಂಬಿತು. ನಾವು ಕಳೆದುಕೊಂಡ ಕತೆ ಹೇಳುತ್ತೇನೆ, ಇನ್ನೊಬ್ಬರ ದುಡ್ಡಾದರೂ ಉಳಿಯಲಿ.

ನನ್ನ ಮಗ ಹೋದದ್ದು ಬೇರೆ ನಗರಕ್ಕೆ. ಹೊರಡಲು ಇಪ್ಪತ್ತು ದಿನ ಇರುವಾಗ ಒಂದು ಚೆಂದದ ಮನೆಯ ಚಿತ್ರಗಳು ಸಿಕ್ಕಿದವು. ಬಾಡಿಗೆಯೂ ಕಡಿಮೆ. ಮಾಲೀಕ ತಾನು ಕೆಲಸದ ಮೇಲೆ ಬೇರೆ ದೇಶದಲ್ಲಿದ್ದೇನೆ, ಮುಂಗಡ ಕಳಿಸಿದರೆ ಬೀಗದ ಕೈಯನ್ನು ಕೊರಿಯರ್ ಮಾಡುತ್ತೇನೆ, ಮನೆ ಇಷ್ಟವಾಗದಿದ್ದರೆ ಹಣ ವಾಪಸು ಎಂದ. ತನ್ನ ಪಾಸ್‌ಪೋರ್ಟಿನ ಚಿತ್ರವನ್ನೂ ಕಳಿಸಿದ. ಆ ಪಾಸ್‌ಪೋರ್ಟ್ ನೋಡಿಯೇ ನಾವು ನಂಬಿದ್ದು. ಅದು ಇನ್ಯಾರದೋ ಪಾಪದವರದ್ದಿರಬೇಕು. 1,350 ಯೂರೋ ಕಳಿಸಿದೆವು. ನನ್ನ ಎರಡು ಬಳೆ ಅಡವಿಟ್ಟ ಹಣ ಅದು. ಮರುದಿನದಿಂದ ಅವನ ಮಿಂಚಂಚೆಯೇ ಇಲ್ಲ.

ಆಮೇಲೆ ಪರಿಚಯದ ಬ್ಯಾಂಕ್ ಸಿಬ್ಬಂದಿಯೊಬ್ಬರು ಆ ಖಾತೆಯ ಸಂಖ್ಯೆ ನೋಡಿ ತಕ್ಷಣ ಹೇಳಿದರು: "ಜರ್ಮನಿಯ ಖಾತೆ ಆದರೆ ಸಂಖ್ಯೆಯ ಆರಂಭದಲ್ಲಿ ಡಿಇ ಎಂಬ ಎರಡು ಅಕ್ಷರ ಇರಬೇಕಲ್ಲ, ಇದರಲ್ಲಿ ಬೇರೆ ದೇಶದ ಅಕ್ಷರ ಇದೆ." ಕಳಿಸುವ ಮುಂಚೆ ಅವರಿಗೆ ತೋರಿಸಿದ್ದರೆ! ಮಗ ಅಲ್ಲಿಗೆ ಹೋಗಿ ಪೊಲೀಸರಿಗೆ ದೂರು ಕೊಟ್ಟ. ಹಣ ಬರಲಿಲ್ಲ. ಅವನು ಮೂರು ತಿಂಗಳು ಅದನ್ನೇ ಹಚ್ಚಿಕೊಂಡು ಕೊರಗಿದ. ತಂದೆ ತಾಯಂದಿರಿಗೆ ಕೈಮುಗಿದು ಹೇಳುತ್ತೇನೆ, ಮಕ್ಕಳಾಗಲಿ ನಂಬಿಕಸ್ಥರಾಗಲಿ ಆ ಮನೆಯೊಳಗೆ ಕಾಲಿಡುವ ತನಕ ಒಂದು ಪೈಸೆಯನ್ನೂ ಕಳಿಸಬೇಡಿ. ಮೋಸಹೋದ ಮಕ್ಕಳನ್ನು ಬೈಯಲೂಬೇಡಿ.

ಕಾಪು ದೀಪಸ್ತಂಭ

ಆರು ವರ್ಷ ಜರ್ಮನಿಯಲ್ಲಿದ್ದು ಬಂದವನು ನಾನು. ಕುಂಜಿಬೆಟ್ಟಿನವರು ಬರೆದದ್ದು ಅಕ್ಷರಶಃ ನಿಜ. ಆದರೆ ಇದನ್ನು ಓದಿ ಒಳಬಾಡಿಗೆಯೇ ಬೇಡ ಎಂದು ಯಾರೂ ತೀರ್ಮಾನಿಸಬೇಡಿ. ಹೊಸಬರಿಗೆ ಒಳಗೆ ಹೋಗುವ ಬಾಗಿಲು ಬಹುಪಾಲು ಅದೇ. ಅನುಮತಿ ಪಡೆದ ಒಳಬಾಡಿಗೆ ಪೂರ್ತಿ ಕಾನೂನುಬದ್ಧ. ಅಸಲಿ ಬಾಡಿಗೆದಾರನೇ ನಿಮ್ಮ ದೃಢೀಕರಣಕ್ಕೆ ಸಹಿ ಹಾಕಬಹುದು. ಆ ಹುಡುಗ ಹಾಕಬಹುದಾಗಿತ್ತು, ಹೆದರಿದ ಅಷ್ಟೇ. ಆದ್ದರಿಂದ ಮೊದಲ ಸಂದೇಶದಲ್ಲಿಯೇ ಕೇಳಿ: ಮಾಲೀಕರ ಒಪ್ಪಿಗೆ ಬರಹದಲ್ಲಿ ಇದೆಯೇ, ನೋಂದಣಿಗೆ ಸಹಿ ಹಾಕುತ್ತೀರಾ? ಉತ್ತರ ತೇಲಿಸಿದರೆ ಆ ಕೋಣೆಯನ್ನು ಅಲ್ಲಿಗೇ ಬಿಡಿ, ಎಷ್ಟೇ ಅಗ್ಗವಾಗಿರಲಿ.

ಇನ್ನು ಮುಂಗಡ. ಮಣಿಪಾಲ, ಬೆಂಗಳೂರಿನ ಅಭ್ಯಾಸದಲ್ಲಿ ಮಾಲೀಕ ಕೇಳಿದಷ್ಟನ್ನು ಕೊಡಲು ಹೋಗಬೇಡಿ. ಅಲ್ಲಿ ಬಾಡಿಗೆಗೆ ಎರಡು ಲೆಕ್ಕ. ತಣ್ಣನೆಯ ಬಾಡಿಗೆ ಎಂದರೆ ಬರಿಯ ಜಾಗದ್ದು, ಬೆಚ್ಚನೆಯ ಬಾಡಿಗೆ ಎಂದರೆ ಕೋಣೆ ಕಾಯಿಸುವ ಖರ್ಚು, ನೀರು, ಕಸ ಸೇರಿಸಿದ್ದು. ಮುಂಗಡ ತಣ್ಣನೆಯ ಬಾಡಿಗೆಯ ಮೂರು ಪಟ್ಟನ್ನು ಮೀರುವಂತಿಲ್ಲ. ಅದನ್ನು ಮೂರು ತಿಂಗಳ ಕಂತಿನಲ್ಲಿ ಕಟ್ಟುವ ಹಕ್ಕೂ ನಿಮಗಿದೆ. ಇದು ಅವರ ನಾಗರಿಕ ಸಂಹಿತೆಯ 551ನೇ ಕಲಮಿನಲ್ಲಿಯೇ ಇದೆ. ನನ್ನ ಮೊದಲ ವರ್ಷ ಇದು ಗೊತ್ತಿಲ್ಲದೆ ಸಾಲ ಮಾಡಿ ಒಟ್ಟಿಗೆ ಕಟ್ಟಿದೆ.

ಮನೆ ಸೇರುವ ದಿನ ಗೋಡೆಯ ಪ್ರತಿ ಗೀರನ್ನೂ, ಮೂಲೆಯ ಪ್ರತಿ ಕಲೆಯನ್ನೂ ಚಿತ್ರ ತೆಗೆದು ಹಸ್ತಾಂತರದ ಕಾಗದದಲ್ಲಿ ಬರೆಸಿ. ಬಿಡುವ ದಿನ ಅದೇ ನಿಮ್ಮನ್ನು ಕಾಯುವುದು. ರೇಡಿಯೋ-ಟಿವಿ ಶುಲ್ಕ ಎಂದು ತಿಂಗಳಿಗೆ 18.36 ಯೂರೋ ಕೇಳಿ ಪತ್ರ ಬರುತ್ತದೆ. ಟಿವಿ ಇಲ್ಲ ಎಂದು ಹರಿದು ಎಸೆಯಬೇಡಿ, ಅದು ಮನೆಗೊಂದು ಶುಲ್ಕ, ಜೊತೆಯಲ್ಲಿ ಇರುವವರು ಹಂಚಿಕೊಳ್ಳಬಹುದು.

ಮಣಿಪಾಲದ ಬಾಡಿಗೆ ಮನೆ

ನಾನು ಎದುರು ಪಕ್ಷದವನು. ಮಣಿಪಾಲದಲ್ಲಿ ಹನ್ನೊಂದು ಕೋಣೆ ವಿದ್ಯಾರ್ಥಿಗಳಿಗೆ ಕೊಟ್ಟಿದ್ದೇನೆ. ಒಂದು ಮಾತು ಹೇಳದೆ ಇರಲಾರೆ. ಜರ್ಮನಿಯ ಬಗ್ಗೆ ಇಷ್ಟು ನೊಂದುಕೊಳ್ಳುವ ನಾವು ನಮ್ಮ ಮನೆ ಬಾಗಿಲಿಗೆ ಬರುವ ಹೊರಗಿನ ಮಕ್ಕಳಿಗೆ ಏನು ಮಾಡುತ್ತಿದ್ದೇವೆ? ಮೀನು ಬೇಯಿಸಬಾರದು, ಒಂಬತ್ತರ ನಂತರ ಬರಬಾರದು, ಹೆಸರು ಕೇಳಿದ ಮೇಲೆ "ಕೋಣೆ ತುಂಬಿದೆ" ಎನ್ನುವುದು, ಮುಂಗಡದಲ್ಲಿ ಬಣ್ಣ ಬಳಿಯುವ ಖರ್ಚೆಂದು ಒಂದು ತಿಂಗಳದ್ದು ಮುರಿಯುವುದು. ದೇರಳಕಟ್ಟೆ, ಕೊಣಾಜೆ, ಸುರತ್ಕಲ್, ಎಲ್ಲ ಕಡೆಯೂ ಇದು ನಡೆಯುತ್ತದೆ.

ಎರಡು ವರ್ಷದ ಹಿಂದೆ ಈಶಾನ್ಯದ ಒಬ್ಬಳು ಹುಡುಗಿ ಬ್ಯಾಂಕಿಗೆ ವಿಳಾಸ ತೋರಿಸಬೇಕು, ಬಾಡಿಗೆ ಕರಾರು ಬರೆದುಕೊಡಿ ಎಂದು ಮೂರು ಸಲ ಕೇಳಿದಳು. ಸುಮ್ಮನೆ ತಾಪತ್ರಯ ಎಂದು ನಾನು ಕೊಡಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ಇವತ್ತು ಅಂಚೆ ಡಬ್ಬಿಯ ವಿಷಯ ಓದುವಾಗ ಅವಳ ಮುಖ ನೆನಪಾಯಿತು. ಈ ಬಾರಿ ಬಂದ ಎಲ್ಲ ಮಕ್ಕಳಿಗೂ ಹನ್ನೊಂದು ತಿಂಗಳ ಕರಾರನ್ನು ಛಾಪಾ ಕಾಗದದಲ್ಲಿ ಮಾಡಿಸುತ್ತೇನೆ.

ಸೆಪ್ಟೆಂಬರಿಗೆ ಹೊರಟವನು

ನಾನು ಬ್ರಹ್ಮಾವರದವನು. ಸೆಪ್ಟೆಂಬರ್ 24ಕ್ಕೆ ವಿಮಾನ, ಅದೇ ಟ್ಯೂಬಿಂಗೆನ್‌ಗೆ. ಕೋಣೆ ಸಿಕ್ಕಿಲ್ಲ. ಇದನ್ನೆಲ್ಲ ಓದಿ ರಾತ್ರಿ ನಿದ್ದೆ ಬರಲಿಲ್ಲ. ಒಟ್ಟಿಗೆ ವಾಸಿಸುವ ಮನೆಗಳಿಗೆ ಅರವತ್ತಕ್ಕೂ ಹೆಚ್ಚು ಸಂದೇಶ ಕಳಿಸಿದ್ದೇನೆ, ನಾಲ್ಕಕ್ಕೆ ಉತ್ತರ ಬಂದಿದೆ, ನಾಲ್ಕೂ "ಕ್ಷಮಿಸಿ". ಅಕ್ಕ, ನಿಮಗೆ ಕೊನೆಗೆ ಕೋಣೆ ಹೇಗೆ ಸಿಕ್ಕಿತು? ನಾನು ಹೊರಡುವುದನ್ನೇ ಮುಂದೂಡಬೇಕೇ?

ಬಲ್ಮಠದ ಮೇಷ್ಟ್ರು

ಮುಂದೂಡಬೇಡ ಮಗು. ಹಿರಿಯನೊಬ್ಬನ ಒಂದು ಮಾತು. ನೀವಿಬ್ಬರೂ ಹೇಳುತ್ತಿರುವ ಊರಿಗೂ ನಮ್ಮ ಮಂಗಳೂರಿಗೂ ಹಳೆಯ ನಂಟಿದೆ. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂತು. ಅದರ ಕೆಲಸಕ್ಕೆಂದು 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟ್ಟೆಲ್ ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿಯೇ ಅಚ್ಚಾಯಿತು, ಸುಮಾರು 70,000 ಪದಗಳು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರು ಕಣ್ಣುಮುಚ್ಚಿದ್ದೂ ಆ ಊರಿನಲ್ಲಿಯೇ. ಅಲ್ಲಿಂದ ಬಂದವರು ಇಲ್ಲಿ ದಶಕಗಟ್ಟಲೆ ಉಳಿದು ನಮ್ಮ ನುಡಿ ಕಲಿತರು. ನೀವೂ ಹೋಗುವ ಮೊದಲು ಒಂದಿಷ್ಟು ಜರ್ಮನ್ ಗಟ್ಟಿಮಾಡಿಕೊಳ್ಳಿ. ಪಾಠ ಇಂಗ್ಲಿಷಿನಲ್ಲಿದ್ದರೂ ಮನೆಯ ಮಾಲೀಕರ ಜೊತೆ ಮಾತು ಜರ್ಮನಿನಲ್ಲಿಯೇ.

ಕುಂಜಿಬೆಟ್ಟಿನ ಹುಡುಗಿ

ಮೇಷ್ಟ್ರೇ, ನೀವು ಹೇಳಿದ ಹಾಗೆ ಜರ್ಮನ್ ಮಾತಿನಿಂದಲೇ ನನಗೆ ಕೋಣೆ ಸಿಕ್ಕಿದ್ದು. ಬ್ರಹ್ಮಾವರದ ತಮ್ಮನಿಗೂ ಇದೇ ಉತ್ತರ.

ವಸತಿಗೃಹದಲ್ಲಿ ನಾಲ್ಕು ರಾತ್ರಿ, ಸಹಪಾಠಿಯ ಕೋಣೆಯ ನೆಲದ ಮೇಲೆ ಹಾಸಿಗೆ ಹಾಸಿ ಐದು ರಾತ್ರಿ. ಅವಳು ಕೊಚ್ಚಿಯವಳು. ಅವಳ ಋಣ ತೀರಿಸಲಾರೆ. ಹತ್ತನೇ ದಿನ ವಿಶ್ವವಿದ್ಯಾಲಯದ ಊಟದ ಮನೆಯ ಗೋಡೆಯಲ್ಲಿ ಒಂದು ಕೈಬರಹದ ಚೀಟಿ ಕಂಡಿತು. ಅಡಿಯಲ್ಲಿ ಫೋನ್ ಸಂಖ್ಯೆ ಬರೆದು ಹರಿದುಕೊಳ್ಳಲು ಬರುವಂತೆ ಕತ್ತರಿಸಿದ್ದರು, ಎರಡು ತುಂಡು ಮಾತ್ರ ಉಳಿದಿದ್ದವು. ಜಾಲತಾಣದಲ್ಲಿ ನೂರಾರು ಜನ ಒಂದೇ ಕೋಣೆಗೆ ಬರೆಯುತ್ತಿರುವಾಗ ಇಂಥ ಚೀಟಿಯನ್ನು ನೋಡುವವರು ಕಡಿಮೆ. ಸಂದೇಶ ಕಳಿಸುವಂತಿಲ್ಲ, ಅದು ಸ್ಥಿರ ದೂರವಾಣಿ. ಕರೆಯಲೇಬೇಕು, ಜರ್ಮನಿನಲ್ಲಿ ಮಾತಾಡಲೇಬೇಕು. ಹೇಳಬೇಕಾದ ಆರು ವಾಕ್ಯಗಳನ್ನು ಅಂಗೈ ಅಗಲದ ಕಾಗದದಲ್ಲಿ ಬರೆದುಕೊಂಡು, ನದಿಯ ನಡುವಿನ ದ್ವೀಪದಲ್ಲಿರುವ ಚಿನಾರ್ ಮರಗಳ ಸಾಲಿನಡಿ ನಿಂತು ಕರೆದೆ. ಆರನೆಯ ವಾಕ್ಯ ಇದು: "ನೋಂದಣಿಗೆ ನೀವು ಸಹಿ ಹಾಕುತ್ತೀರಾ?" ಆ ಕಡೆಯ ಅಜ್ಜಿ ಆಶ್ಚರ್ಯದಿಂದ "ಹಾಕಬೇಕಲ್ಲವೇ?" ಎಂದರು. ನನಗೆ ಅಳು ಬಂತು.

ಗುಡ್ಡದ ಮೇಲಿನ ಹಳೆಯ ಮನೆ, ಮಾಡಿನ ಕೆಳಗಿನ ಕೋಣೆ, 390 ಯೂರೋ. ತಡವಾಗಿ ಕಚೇರಿಗೆ ಹೋದದ್ದಕ್ಕೆ ದಂಡ ಬೀಳುತ್ತದೆಂದು ನಡುಗುತ್ತಿದ್ದೆ. ಕಾನೂನಿನಲ್ಲಿ 1,000 ಯೂರೋವರೆಗೆ ಅವಕಾಶವಿದೆ. ನಡೆದದ್ದನ್ನು ಇದ್ದ ಹಾಗೆಯೇ ಹೇಳಿದೆ, ಅಲ್ಲಿದ್ದ ಹೆಂಗಸು ಮುದ್ರೆ ಒತ್ತಿ ಕೊಟ್ಟರು.

ಆ ಮನೆಯಲ್ಲಿಯೂ ಕಷ್ಟ ಬಂತು. ಚಳಿಗೆ ಕಿಟಕಿ ಭದ್ರವಾಗಿ ಮುಚ್ಚಿ, ಮಳೆಗಾಲದಲ್ಲಿ ನಮ್ಮ ಮನೆಯೊಳಗೆ ಹಗ್ಗ ಕಟ್ಟುವಂತೆ ಕೋಣೆಯಲ್ಲಿಯೇ ಬಟ್ಟೆ ಹರವಿದೆ. ಕುಚ್ಚಲಕ್ಕಿ ಗಂಜಿಯನ್ನು ಗಂಟೆಗಟ್ಟಲೆ ಬೇಯಿಸಿದೆ. ಜನವರಿಯಲ್ಲಿ ಕಪಾಟಿನ ಹಿಂದಿನ ಗೋಡೆಗೆ ಅಂಗೈಯಷ್ಟು ಕಪ್ಪು ಬೂಷ್ಟು ಹಿಡಿದಿತ್ತು. ಉಡುಪಿಯಲ್ಲಿ ಬೂಷ್ಟು ಎಂದರೆ ಒರೆಸಿ ಮುಂದೆ ಹೋಗುವ ವಿಷಯ. ಅಲ್ಲಿ ಅದು ಮುಂಗಡವನ್ನೇ ನುಂಗುವ ವಿಷಯ. ಅಜ್ಜಿ ಬೈದರು, ನಂತರ ನನ್ನ ಕೈ ಹಿಡಿದು ಕಿಟಕಿಯ ಬಳಿ ಕರೆದೊಯ್ದರು. ದಿನಕ್ಕೆ ಎರಡು ಮೂರು ಸಲ, ಐದರಿಂದ ಹತ್ತು ನಿಮಿಷ ಕಿಟಕಿಯನ್ನು ಪೂರ್ತಿ ತೆರೆಯಬೇಕು, ಹೊರಗೆ ಹಿಮ ಬೀಳುತ್ತಿದ್ದರೂ. ಒಳಗಿನ ತೇವದ ಗಾಳಿ ಹೊರಗೆ ಹೋಗಿ ಒಣ ಗಾಳಿ ಬರುತ್ತದೆ, ಗೋಡೆ ತಣ್ಣಗಾಗುವ ಮುಂಚೆ ಮುಚ್ಚಬೇಕು. ಅರ್ಧ ತೆರೆದು ದಿನವಿಡೀ ಬಿಡುವುದು ತಪ್ಪು. ನಮ್ಮ ಕರಾವಳಿಯವರು ಇದನ್ನು ವಿಶೇಷವಾಗಿ ಕಲಿಯಬೇಕು, ಏಕೆಂದರೆ ನಮ್ಮ ಅಡುಗೆಯೆಲ್ಲ ಹಬೆಯ ಅಡುಗೆ.

ಆ ಪ್ರದೇಶದಲ್ಲಿ ಕೇರ್‌ವೋಖೆ ಎಂಬ ಪದ್ಧತಿ ಇದೆ. ಯಾರ ಬಾಗಿಲಲ್ಲಿ ಆ ಪುಟ್ಟ ಫಲಕ ತೂಗುತ್ತದೋ ಆ ವಾರ ಮೆಟ್ಟಿಲು, ಅಂಗಳ, ಮನೆಯ ಮುಂದಿನ ಕಾಲುದಾರಿ ಗುಡಿಸುವುದು ಅವರ ಪಾಳಿ. ನನ್ನ ಮೊದಲ ಪಾಳಿಯ ಶನಿವಾರ ಬೆಳಿಗ್ಗೆ ಎದ್ದು, ಅಮ್ಮ ಅಂಗಳ ಗುಡಿಸುವಂತೆ ಮೂಲೆಯಿಂದ ಹಿಡಿದು ಗುಡಿಸಿದೆ. ಕೆಳಗಿನ ಮನೆಯವರು ಕಿಟಕಿಯಿಂದ ನೋಡುತ್ತಿದ್ದರು. ಅಷ್ಟು ದಿನ ತಲೆ ಮಾತ್ರ ಆಡಿಸುತ್ತಿದ್ದವರು ಅಂದು ಹೊರಗೆ ಬಂದು ಹೆಸರು ಕೇಳಿದರು.

ತಮ್ಮಾ, ನೀನು ಹೋಗು. ಮೊದಲ ಎರಡು ಮೂರು ವಾರಕ್ಕೆ ವಸತಿಗೃಹದ ಹಣವನ್ನು ಕೈಯಲ್ಲಿ ಬೇರೆಯಾಗಿಯೇ ಇಟ್ಟುಕೋ, ತಡೆಹಿಡಿದ ಖಾತೆಯನ್ನು ನಂಬಿ ಹೋಗಬೇಡ. ಹುಡುಕುವಾಗ ಟ್ಯೂಬಿಂಗೆನ್ ಒಂದನ್ನೇ ಹಿಡಿದು ಕೂರಬೇಡ. ರೊಯ್ಟ್‌ಲಿಂಗೆನ್, ರೊಟ್ಟೆನ್‌ಬುರ್ಗ್ ಎರಡೂ ರೈಲಿನಲ್ಲಿ ಹತ್ತಿರ. ಡಾಯ್ಚ್‌ಲಾಂಡ್ ಟಿಕೆಟ್ (2025ರಲ್ಲಿ ತಿಂಗಳಿಗೆ 58 ಯೂರೋ ಇತ್ತು) ಇದ್ದರೆ ದೇಶದ ಎಲ್ಲ ಸ್ಥಳೀಯ ರೈಲು, ಬಸ್ಸುಗಳಲ್ಲಿ ಓಡಾಡಬಹುದು. ಕಳಿಸುವ ಸಂದೇಶದಲ್ಲಿ "ನಾನು ಶಾಂತ ಸ್ವಭಾವದವನು" ಎಂದು ಎಲ್ಲರಂತೆ ಬರೆಯಬೇಡ. ಬ್ರಹ್ಮಾವರದಲ್ಲಿ ನಿನ್ನ ಮನೆ ಎಲ್ಲಿದೆ, ನಿನಗೆ ಯಾವ ಅಡುಗೆ ಬರುತ್ತದೆ, ಯಾವಾಗ ಏಳುತ್ತೀ, ಇದನ್ನು ಬರೆ. ಅಡುಗೆಮನೆಯಲ್ಲಿ ಕೂರಿಸಿ ಹದಿನೈದು ನಿಮಿಷ ಮಾತಾಡಿಸಿ ಆಯ್ಕೆ ಮಾಡುತ್ತಾರೆ, ಅವರು ಹುಡುಕುವುದು ಜೊತೆಗೆ ಬದುಕುವವನನ್ನು.

ಸೆಪ್ಟೆಂಬರಿಗೆ ಹೊರಟವನು

ಅಕ್ಕ, ನಿನ್ನೆ ರಾತ್ರಿ ಹೊಸದಾಗಿ ಹನ್ನೆರಡು ಜನರಿಗೆ ಬರೆದೆ. ತೋಟದ ಕೆಲಸ ಬರುತ್ತದೆ, ನೀರುದೋಸೆ ಮಾಡುತ್ತೇನೆ ಎಂದು ಬರೆದೆ. ರೊಯ್ಟ್‌ಲಿಂಗೆನ್‌ನ ಒಂದು ಮನೆಯವರು ಭಾನುವಾರ ವಿಡಿಯೋ ಕರೆಗೆ ಕರೆದಿದ್ದಾರೆ. ನೋಂದಣಿಯ ವಿಷಯ ಮೊದಲೇ ಕೇಳಿದೆ, ಸಹಿ ಹಾಕುತ್ತೇವೆ ಎಂದಿದ್ದಾರೆ. ಇನ್ನೊಂದು ಪ್ರಶ್ನೆ: ಅಂಚೆ ಡಬ್ಬಿಯ ಮೇಲೆ ಹೆಸರನ್ನು ಪೂರ್ತಿ ಬರೆಯಬೇಕೇ? ನಮ್ಮ ಹೆಸರು ಉದ್ದ.

ಕುಂಜಿಬೆಟ್ಟಿನ ಹುಡುಗಿ

ಪಾಸ್‌ಪೋರ್ಟಿನಲ್ಲಿ ಕುಟುಂಬದ ಹೆಸರು ಎಂದು ಏನಿದೆಯೋ ಅದನ್ನೇ ಬರೆ, ಪತ್ರಗಳು ಆ ಹೆಸರಿಗೇ ಬರುತ್ತವೆ. ಅಪ್ಪನ ಹೆಸರು, ಊರಿನ ಹೆಸರು ಎಂದು ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ಕೊಡಬೇಡ. ನನ್ನದನ್ನು ಅಜ್ಜಿಯೇ ಬರೆದರು. ಕನ್ನಡಕ ಹಾಕಿಕೊಂಡು, ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟು, ಒಂದೊಂದೇ ಅಕ್ಷರ ನೋಡಿ ನೋಡಿ ಬರೆದು, ತಾವೇ ಕೆಳಗೆ ಇಳಿದು ಅಂಟಿಸಿದರು. ನಾಲ್ಕನೇ ದಿನ ಡಬ್ಬಿಯಲ್ಲಿ ವಿಮೆಯ ಕಾರ್ಡು ಇತ್ತು.